ಮುಂದಕ್ಕೆ ನೆಟ್ಟ ಪೈರು

ಭತ್ತದ ಪೈರು ನಾಟಿ ಮಾಡುವ ಹೆಂಗಸು ಹಿಂದಕ್ಕೆ ನಡೆಯಬೇಕು. ಸೊಂಟ ಬಗ್ಗಿಸಿ, ಮುಂದೆ ನೆಡುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡಬೇಕು. ಮುಂದಕ್ಕೆ ನಡೆದರೆ ತಾನು ನೆಟ್ಟಿದ್ದನ್ನು ತಾನೇ ತುಳಿಯುತ್ತಾಳೆ. ಇದು ನಮ್ಮ ಕಡೆ ತೊಟ್ಟಿಲಲ್ಲಿರುವ ಮಗುವಿಗೂ ಗೊತ್ತು. ನಾನು ಒಂದು ಮಳೆಗಾಲ ಪೂರ್ತಿ ಮುಂದಕ್ಕೆ ನಡೆದು ನೆಟ್ಟೆ. ಬುದ್ಧಿ ಇಲ್ಲದೆ ಅಲ್ಲ. ಹಾಗೆ ನೆಡದಿದ್ದರೆ ನಾನು ನೆಡುತ್ತಲೇ ಇರಲಿಲ್ಲ.

ನಾನು ಹುಟ್ಟಿದ್ದು ಟಿ. ನರಸೀಪುರದಲ್ಲಿ, ಹೊಳೆಗೆ ಕೂಗಳತೆಯ ಮನೆಯಲ್ಲಿ. ಕೊಟ್ಟಿದ್ದು ನಂಜನಗೂಡು ತಾಲ್ಲೂಕಿಗೆ, ಹದಿನಾರು ಎನ್ನುವ ಊರಿನ ಆಚೆ ಒಂದು ಹಳ್ಳಿಗೆ. ಮೂರನೆ ಕ್ಲಾಸಿನ ತನಕ ಓದಿದ್ದೇನೆ. ಅಕ್ಷರ ನಿಧಾನ, ಆದರೆ ಬರುತ್ತದೆ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಆಡುವವರೆಲ್ಲ ಆಡಿ ಮುಗಿಸಿದ್ದಾರೆ, ನಾನು ಸೇರಿಸುವುದು ಏನೂ ಇಲ್ಲ.

ನಮ್ಮ ಪಕ್ಕದ ಮನೆಯೇ ನಮ್ಮ ಓರಗಿತ್ತಿಯ ಮನೆ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಭಾವ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಗೇಟು ಕಾಯುತ್ತಿದ್ದ. ಹಾಗಾಗಿ ಆ ಮನೆಯ ಗದ್ದೆ, ದನ, ಜಗಳ ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಎರಡು ಮನೆಗೂ ನಡುವೆ ಒಂದು ಹುಣಸೆಮರ. ಬೇರು ಅವರ ಕಡೆ, ಕೊಂಬೆ ನಮ್ಮ ಕಡೆ. ಹಣ್ಣು ಯಾರದು ಎನ್ನುವ ವಿಚಾರಕ್ಕೆ ನಾವಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಮಾತು ಬಿಟ್ಟಿದ್ದೆವು, ಕೆಲಸ ಬಿಟ್ಟಿರಲಿಲ್ಲ. ಊರಿನ ಏಳೆಂಟು ಹೆಂಗಸರ ನಾಟಿ ಗುಂಪಿಗೆ ಅವಳೇ ಹಿರಿಯಳು. ನಮ್ಮೊಳಗೆ ಮುಯ್ಯಾಳು: ಇವತ್ತು ಎಲ್ಲರೂ ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ನಮ್ಮವು ಮುಗಿದ ಮೇಲೆ ಬೇರೆಯವರ ಗದ್ದೆಗೆ ಕೂಲಿಗೆ. ಅವಳ ಮಗ್ಗುಲಲ್ಲೇ ನಿಂತು ನೆಡುತ್ತಿದ್ದೆ. ನನಗೆ ಏನಾದರೂ ಹೇಳಬೇಕಾದರೆ ಅವಳು ಆಚೆ ಮಗ್ಗುಲಿನವಳಿಗೆ ಹೇಳುತ್ತಿದ್ದಳು. "ಒಸಿ ಒತ್ತಾಗಿ ನೆಡೋಕೆ ಏಳಮ್ಮಿ ಅವಳ್ಗೆ." ನಾನು ಕೇಳಿಸಿಕೊಂಡು ಒತ್ತಾಗಿ ನೆಡುತ್ತಿದ್ದೆ.

ಕಂತೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ಗದ್ದೆಗಿಳಿಯುವ ಮೊದಲೇ ಪೈರನ್ನು ಕಂತೆ ಕಟ್ಟಿ ಗದ್ದೆಯ ತುಂಬ ಅಲ್ಲಲ್ಲಿ ಎಸೆದಿರುತ್ತಾರೆ. ಕೈಯಲ್ಲಿರುವ ಕಂತೆ ಮುಗಿಯುವ ಹೊತ್ತಿಗೆ, ಹಿಂದಕ್ಕೆ ಸರಿಯುತ್ತಿರುವ ಹೆಂಗಸಿನ ಹಿಮ್ಮಡಿಗೆ ಇನ್ನೊಂದು ತಗಲುತ್ತದೆ. ತಿರುಗಿ ನೋಡುವ ಅಗತ್ಯವಿಲ್ಲ. ಕೈ ಹಿಂದೆ ಹಾಕಿದರೆ ಸಿಗುತ್ತದೆ. ನೀರೊಳಗೆ ಮೆತ್ತಗೆ, ತಣ್ಣಗೆ ಕಾಲಿಗೆ ತಾಕಿದರೆ ಅದು ಕಂತೆ. ನಲವತ್ತು ವರ್ಷದ ತನಕ ನನಗೆ ಅದು ಕಂತೆಯೇ ಆಗಿತ್ತು.

ಆ ವರ್ಷ, ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ನಮ್ಮ ಗದ್ದೆಯ ನಾಟಿ ನಡೆದಿತ್ತು. ಕಂತೆ ಎಸೆದದ್ದು ನನ್ನ ಗಂಡ. ನಮ್ಮದು ಕಾಲುವೆಯ ತುದಿಯ ಗದ್ದೆ, ಅಲ್ಲಿಗೆ ನೀರು ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ಹಾಗಾಗಿ ಬಾವಿಗೆ ಮೋಟರು. ಮೋಟರಿನ ವೈರು ಬದುವಿನ ಮೇಲೆ ಹಾದಿತ್ತು. ಒಂದು ಕಡೆ ಕಿತ್ತುಹೋಗಿದ್ದ ವೈರನ್ನು ಅವನೇ ಗಂಟು ಹಾಕಿ ಹಾಲಿನ ಪ್ಲಾಸ್ಟಿಕ್ ಕವರು ಸುತ್ತಿದ್ದ. ಎಲ್ಲರೂ ಹಾಗೇ ಸುತ್ತುತ್ತಿದ್ದರು. ಆ ಗಂಟು ಜಾರಿ ಗದ್ದೆಯ ಮೂಲೆಗೆ ಬಿದ್ದಿದೆ, ಇವನು ಎತ್ತಿಡಲು ಹೋಗಿದ್ದಾನೆ. ನಾವು ಯಾರೂ ನೋಡಲಿಲ್ಲ. ನಮ್ಮ ಬೆನ್ನು ಆ ಕಡೆಗಿತ್ತು. ಮೋಟರಿನ ಸದ್ದು ನಿಂತಿತು. ಕರೆಂಟು ಹೋಯಿತು ಎಂದುಕೊಂಡೆವು. ಹೋಗಿತ್ತು ಕೂಡ. ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ನಾನು ಆ ಮೂಲೆಗೆ ಬಂದೆ. ಹಿಮ್ಮಡಿಗೆ ಏನೋ ತಾಕಿತು. ಒದ್ದು ನೋಡಿದೆ, ಸರಿಯಲಿಲ್ಲ.

"ಯಾರೇ ಇದು ಕಂತೆನ ಇಲ್ಲಿ ಎಸ್ದಿರೋದು? ಕಣ್ಣು ಕಾಣಾಕಿಲ್ವ?" ಎಂದು ಬೈಯುತ್ತಲೇ ತಿರುಗಿದೆ.

ಕರೆಂಟು ಹೋದದ್ದರಿಂದ ನಾನು ಉಳಿದೆ. ಈಗಲೂ ಕರೆಂಟು ಹೋದರೆ ಊರೆಲ್ಲ ಬೈಯುತ್ತದೆ. ನಾನು ಸುಮ್ಮನೆ ದೀಪ ಹಚ್ಚುತ್ತೇನೆ.

ಅವನ ತಿಥಿ ಮುಗಿದ ಮೇಲೆ ನನ್ನ ತಮ್ಮ ಬಂದು ನರಸೀಪುರಕ್ಕೆ ಕರೆದುಕೊಂಡು ಹೋದ. ನಾನು ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ. ಬಸ್ಸು ಹತ್ತಿಸಿದರು, ಹತ್ತಿದೆ. ತಮ್ಮನ ಹೆಂಡತಿ ಒಳ್ಳೆಯವಳು. ಮುದ್ದೆ ತಟ್ಟಿ ಮುಂದಿಟ್ಟು, ನಾನು ಉಂಡೆನೋ ಇಲ್ಲವೋ ಎಂದು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ನೋಡಿಸಿಕೊಂಡು ಉಣ್ಣುವುದು ಎಷ್ಟು ಕಷ್ಟ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ.

ನಾನು ಬೆಚ್ಚಿದ್ದೇನೆ ಎಂದು ತೀರ್ಮಾನವಾಯಿತು. ತೋಳಿಗೆ ಅಂತ್ರದ ತಾಯಿತ ಕಟ್ಟಿಸಿದರು. ಕಾದ ಕಬ್ಬಿಣವನ್ನು ನೀರಲ್ಲಿ ಅದ್ದಿ ಆ ನೀರು ಕುಡಿಸಿದರು. ತುಕ್ಕಿನ ರುಚಿ. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಹಗಲೂ ನಿದ್ದೆ ಬರುತ್ತಿತ್ತು. ಎದ್ದ ಮೇಲೆ ಎಲ್ಲ ಇದ್ದ ಹಾಗೇ ಇರುತ್ತಿತ್ತು. ಬಂದವರೆಲ್ಲ "ಮರ್ತುಬುಡವ್ವ" ಎಂದು ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಹಾಗೆ ಹೇಳಿದವರ ಮುಖಗಳೆಲ್ಲ ನನಗೆ ಇನ್ನೂ ನೆನಪಿವೆ.

ಒಂದು ದಿನ ತಮ್ಮನ ಹೆಂಡತಿ, ಹೊಳೆಯಲ್ಲಿ ಮುಳುಗಿದರೆ ಸರಿಹೋಗುತ್ತದೆ ಎಂದು ಸಂಗಮಕ್ಕೆ ಕರೆದುಕೊಂಡು ಹೋದಳು. ಜನ ಸ್ನಾನ ಮಾಡುತ್ತಿದ್ದರು. ಮೆಟ್ಟಿಲ ಮೇಲೆ ಒಬ್ಬ ಮುಡಿ ಕೊಡಲು ಕುಳಿತಿದ್ದ, ಅರ್ಧ ತಲೆ ಬೋಳಾಗಿತ್ತು. ನಾನು ಮೊಣಕಾಲುದ್ದದ ನೀರಿಗಿಳಿದೆ. ಹಿಂದಿನಿಂದ ಏನೋ ಮೆತ್ತಗೆ, ತಣ್ಣಗೆ ಕಾಲಿಗೆ ಸುತ್ತಿಕೊಂಡಿತು. ನಾನು ಕೂಗಿದ್ದು ಎಷ್ಟು ಜೋರಾಗಿತ್ತೋ ನನಗೆ ತಿಳಿಯದು. ಯಾರೋ "ಮೊಸಳೆ!" ಎಂದರು. ಆಮೇಲೆ ಎಲ್ಲರೂ ಎಂದರು. ಹೊಳೆ ಒಂದು ಗಳಿಗೆಯಲ್ಲಿ ಖಾಲಿಯಾಯಿತು. ಅರ್ಧ ತಲೆಯವನು ಕ್ಷೌರಿಕನನ್ನು ಬಿಟ್ಟು ಮೆಟ್ಟಿಲು ಹತ್ತಿ ಓಡಿದ. ನೋಡಿದರೆ ಯಾರೋ ಬಿಟ್ಟ ಟವೆಲ್ಲು.

"ಟವಲ್ಲು ಕನ ಸಾ, ಟವಲ್ಲು! ಬನ್ನಿ, ತಲೆ ಮುಗಿಸ್ಕೊಳಿ!" ಎಂದು ಕ್ಷೌರಿಕ ಕೂಗುತ್ತಿದ್ದ.

ಎಲ್ಲರೂ ನಕ್ಕರು. ತಮ್ಮನ ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಪಾಪ, ತಡೆಯಲಾಗಲಿಲ್ಲ. ನನ್ನ ಕಾಲು ಮಾತ್ರ ನಿಲ್ಲುತ್ತಿರಲಿಲ್ಲ. ಅವತ್ತೇ ನನಗೆ ಗೊತ್ತಾಯಿತು, ನಾನು ಇನ್ನು ಗದ್ದೆಗಿಳಿಯುವವಳಲ್ಲ ಎಂದು. ಗದ್ದೆಗಿಳಿಯದವಳಿಗೆ ಆ ಊರಲ್ಲಿ ಏನು ಕೆಲಸ? ತಮ್ಮನ ಮನೆಯ ಮೂಲೆಯೇ ಗತಿ. ತಮ್ಮನ ಮನೆಯ ಮೂಲೆ ಚೆನ್ನಾಗಿಯೇ ಇತ್ತು. ಆದರೆ ಅದು ತಮ್ಮನದು.

ಮುಂದಿನ ಮಳೆ ಬಿದ್ದಾಗ ಓರಗಿತ್ತಿ ಬಂದಳು. ನಂಜನಗೂಡಿಂದ ಬಸ್ಸಲ್ಲಿ, ಒಂದು ಬಟ್ಟೆಚೀಲದಲ್ಲಿ ಅಕ್ಕಿ ಹೊತ್ತುಕೊಂಡು ಬಂದು ಜಗುಲಿಯ ಮೇಲೆ ಕುಳಿತಳು. ನನ್ನ ಕಡೆ ನೋಡಲಿಲ್ಲ. ತಮ್ಮನ ಜೊತೆ ಮಾತಾಡಿದಳು.

"ನಾಟಿಗೆ ಒಂದಾಳು ಸಾಲ್ದು. ಇವಳ್ನ ಕರ್ಕೊಂಡೋಗಾಕೆ ಬಂದಿವ್ನಿ."

"ಅವಳು ಗದ್ದೆಗೆ ಇಳಿಯಂಗಿಲ್ಲ ಕನಕ್ಕ," ಎಂದ ತಮ್ಮ. "ಒಳೇಲೇ ನಿಂತ್ಕಳಾಕಾಗಲ್ಲ ಅವಳ್ಗೆ."

"ಗೊತ್ತು ಬುಡಪ್ಪ. ಮೊಸಳೆ ಕತೆ ನಮ್ಮೂರ್ಗೂ ಬಂತು. ಬಸ್ಸಲ್ಲೇ ಬಂತು."

"ಅದ್ಕೇ ಅಂದೆ..."

"ಇಳೀದೆ ಇದ್ರೆ ಬದಿನ ಮ್ಯಾಲೆ ಕುಂತ್ಕಂಡು ಎಲೆಅಡಕೆ ಮಡ್ಚಿಕೊಡ್ಲಿ. ಮುಯ್ಯಾಳು ಬಾಕಿ ಅದೆ ಇವಳ್ದು. ನಾವು ಇವಳ ಗದ್ದೆ ನೆಟ್ಟಿವಿ, ಇವಳು ನಮ್ದು ನೆಟ್ಟಿಲ್ಲ. ಸತ್ತೋದೋನು ಬಂದು ನೆಟ್ಕೊಟ್ಟಾನಾ?"

ತಮ್ಮನಿಗೆ ಸಿಟ್ಟು ಬಂತು. ಇಂಥ ಮಾತಾ ಆಡುವುದು ಎಂದು ಎದ್ದು ನಿಂತ. ನಾನು ಒಳಗೆ ಹೋಗಿ ಸೀರೆ ಮಡಚಿಕೊಂಡೆ. ಅಷ್ಟು ತಿಂಗಳಲ್ಲಿ ನನ್ನನ್ನು ಏನಾದರೂ ಕೇಳಿದವಳು ಅವಳೊಬ್ಬಳೇ. ಮಿಕ್ಕವರೆಲ್ಲ ಕೊಡುವುದಕ್ಕೇ ಬಂದಿದ್ದರು.

ಬಸ್ಸಿಳಿದು ಊರಿಗೆ ಬಂದೆವು. ಮನೆ ಬಾಗಿಲು ತೆಗೆದರೆ ಒಳಗೆ ಭತ್ತದ ಮೂಟೆ ಜೋಡಿಸಿತ್ತು. ಮಣ್ಣಾದ ಮೂರನೆಯ ದಿನ ಗುಂಪಿನವರು ಹೋಗಿ ಉಳಿದ ಅರ್ಧ ಗದ್ದೆಯನ್ನು ನೆಟ್ಟಿದ್ದರಂತೆ. ಕಿತ್ತ ಪೈರು ಸಾವಿಗೆಲ್ಲ ಕಾಯುವುದಿಲ್ಲ. ಕಳೆ ಕಿತ್ತು, ಕುಯ್ದು, ಬಡಿದು, ತಂದು ಹಾಕಿದ್ದರು. ಆ ಭತ್ತದ ಅಕ್ಕಿಯನ್ನೇ ಓರಗಿತ್ತಿ ತಮ್ಮನ ಮನೆಗೆ ಹೊತ್ತು ತಂದಿದ್ದಳು. ನಾನು ಇದನ್ನೆಲ್ಲ ಕೇಳಿ ತಿಳಿದುಕೊಂಡದ್ದು ಗುಂಪಿನಲ್ಲಿ ಬಾಯಿ ಜೋರಿನವಳೊಬ್ಬಳಿದ್ದಳು, ಅವಳಿಂದ. ಓರಗಿತ್ತಿ ಹೇಳಲಿಲ್ಲ. ನಮಗೆ ಮಾತಿರಲಿಲ್ಲವಲ್ಲ.

"ಆ ಮೂಲೇನೂ ನೆಟ್ರಾ?" ಎಂದು ಕೇಳಿದೆ.

"ನೆಡ್ದೆ? ಮೂಲೆ ಏನ್ ಮಾಡಿತ್ತು?" ಎಂದಳು ಬಾಯಿ ಜೋರಿನವಳು. "ನಿನ್ ಓರಗಿತ್ತಿನೇ ನೆಟ್ಟದ್ದು ಅದ್ನ. ನೆಡ್ತಾ ಬೈತಿದ್ಲು ನಿನ್ ಗಂಡನ್ನ, ಸತ್ತೋನ ಕಿವಿ ಕಿತ್ತೋಗಂಗೆ."

ಮೊದಲ ಕೆಲವು ದಿನ ಬದುವಿನ ಮೇಲೆ ಕುಳಿತು ಎಲೆಅಡಿಕೆ ಮಡಚಿದೆ. ಯಾರೂ ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅಷ್ಟು ಎಲೆಅಡಿಕೆ ಯಾರೂ ತಿನ್ನುವುದಿಲ್ಲ. ಅವರು ತಿಂದರು. ಒಬ್ಬಳಿಗೆ ನಾನು ಹಚ್ಚಿದ ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟು ಉಣ್ಣಲಾಗಲಿಲ್ಲ. ಆಮೇಲೆ ಬೇಸರ ಬಂದು ನಾನೇ ಸೀರೆ ಎತ್ತಿಕಟ್ಟಿ ಇಳಿದೆ. ನಾಲ್ಕು ಸಾಲು ಸರಿಯಾಗಿಯೇ ನೆಟ್ಟೆ. ಕಂತೆ ತಾಕಿತು. ಕೂಗಿಕೊಂಡು ಕೆಸರಲ್ಲೇ ಕುಳಿತುಬಿಟ್ಟೆ.

ಎಲ್ಲರೂ ನಿಂತರು. ಬಾಯಿ ಜೋರಿನವಳು "ಮೊಸಳೆನಾ ಅಕ್ಕ?" ಎಂದಳು.

ಓರಗಿತ್ತಿ ಅವಳ ಬೆನ್ನಿಗೆ ಒಂದು ಕೆಸರುಂಡೆ ಎಸೆದಳು. ನನಗೆ ಯಾಕೋ ಆ ಕೆಸರುಂಡೆಯಿಂದ ಉಸಿರು ಬಂತು. ಎದ್ದೆ. ಆದರೆ ಹಿಂದಕ್ಕೆ ಕಾಲಿಡಲು ಆಗಲಿಲ್ಲ. ಎಡಗಾಲು ಎತ್ತಿದರೆ ಅದು ಅಲ್ಲೇ ನಿಂತುಬಿಡುತ್ತಿತ್ತು. ಆಗ ನಾನು ಕಂತೆ ಹಿಡಿದುಕೊಂಡು, ಎಲ್ಲಿ ಕಾಲಿಡುತ್ತೇನೆಂದು ಕಣ್ಣಲ್ಲಿ ನೋಡುತ್ತಾ, ಮುಂದಕ್ಕೆ ನೆಡತೊಡಗಿದೆ. ನಾಲ್ಕು ನೆಟ್ಟರೆ ಎರಡು ತುಳಿಯುತ್ತಿದ್ದೆ.

ಓರಗಿತ್ತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಆಚೆ ಮಗ್ಗುಲಿನವಳಿಗೆ ಹೇಳಲಿಲ್ಲ. ನನಗೇ ಹೇಳಿದಳು.

"ನೆಡು. ತುಳಿ. ನಿನ್ ಇಂದೆ ನಾನ್ ಬತ್ತೀನಿ."

ಹುಣಸೆಮರದ ಜಗಳವಾದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು. ನಾನು ಮುಂದೆ ನೆಡುತ್ತಾ ತುಳಿಯುತ್ತಾ ಹೋದೆ. ಅವಳು ಹಿಂದೆ ಬಂದು, ನಾನು ತುಳಿದಿದ್ದನ್ನು ಎತ್ತಿ ನೆಟ್ಟಳು. ಮಾರನೆಯ ದಿನ ಇನ್ನೊಬ್ಬಳು ಬಂದಳು. ಸರದಿ ಹಾಕಿಕೊಂಡರೋ ಏನೋ, ದಿನಕ್ಕೊಬ್ಬಳು ನನ್ನ ಹಿಂದೆ ಇರುತ್ತಿದ್ದಳು. ಒಬ್ಬಳ ಕೆಲಸಕ್ಕೆ ಇಬ್ಬರು. ಗುಂಪಿಗೆ ಇದರಿಂದ ನಷ್ಟವೇ. ನಾನೂ ಹೇಳಿದೆ, "ನಾನು ಬದಿನ ಮ್ಯಾಲೇ ಕುಂತ್ಕತೀನಿ ಬುಡಿ" ಎಂದು.

"ಬ್ಯಾಡ ಕನಕ್ಕ," ಎಂದಳು ನಾಲಿಗೆ ಸುಟ್ಟುಕೊಂಡವಳು, "ನಿನ್ ಸುಣ್ಣ ತಡ್ಯಾಕಾಗಲ್ಲ."

ಕೂಲಿಗೆ ಹೋದ ಗದ್ದೆಯಲ್ಲಿ ತೊಂದರೆಯಾಯಿತು. ಆ ಗದ್ದೆಯ ಯಜಮಾನರು ವಿಭೂತಿ ಹಚ್ಚಿ, ಕೊಡೆ ಹಿಡಿದು ಬದುವಿನ ಮೇಲೆ ನಿಂತು ನೋಡುವವರು. ನೋಡಿದರು. ಕೊಡೆ ಮಡಚಿ ಮತ್ತೆ ನೋಡಿದರು.

"ಏನಮ್ಮ ಇದು? ಅವಳ್ಯಾಕೆ ಮುಂದಕ್ಕೆ ನೆಡ್ತಾವ್ಳೆ?"

ಓಡಿಸಿಬಿಟ್ಟರೆ ಮತ್ತೆ ನರಸೀಪುರದ ಬಸ್ಸು. ಓರಗಿತ್ತಿ ತಲೆ ಎತ್ತದೆ ಹೇಳಿದಳು.

"ಒಸ ಪದ್ದತಿ, ಬುದ್ಧಿ. ರೇಡಿಯೋದಲ್ಲಿ ಏಳವ್ರೆ. ಒಬ್ಳು ಮುಂದಕ್ಕೆ ನೆಟ್ಟು ತುಳುದ್ರೆ, ಇನ್ನೊಬ್ಳು ಇಂದಿಂದ ಎತ್ತಿ ನೆಟ್ರೆ, ಬೇರು ಗಟ್ಟಿ ಇಡೀತದಂತೆ."

"ರೇಡಿಯೋದಲ್ಲಾ?"

"ಬೆಳಿಗ್ಗೆ. ನೀವು ಪೂಜೇಲಿದ್ರಿ ಅನ್ಸುತ್ತೆ."

ಅವರು ಕೊಡೆ ಬಿಚ್ಚಿಕೊಂಡು ಹೋದರು. ಮುಂದಿನ ವಾರ ಅವರ ಇನ್ನೊಂದು ಗದ್ದೆಗೆ ಬಂದ ಹೆಡತಲೆ ಊರಿನ ಕಡೆಯ ಆಳುಗಳಿಗೆ, ನಾಲ್ಕು ಸಾಲು ಮುಂದಕ್ಕೆ ನೆಟ್ಟು ನೋಡಿ ಎಂದು ಹೇಳಿದರಂತೆ. ಆ ಹೆಂಗಸರು ಇವರ ಮನೆಯವರಿಗೆ ಸುದ್ದಿ ಮುಟ್ಟಿಸಿ, ಅಯ್ನೋರಿಗೆ ಬಿಸಿಲು ಹತ್ತಿದೆ, ಮಜ್ಜಿಗೆ ಕೊಡಿ ಎಂದರಂತೆ. ಈ ಕತೆ ಕೇಳಿದ ದಿನ ನಾನು ನಕ್ಕೆ. ಗಂಡ ಹೋದ ಮೇಲೆ ಮೊದಲ ಸಲ ನಕ್ಕಿದ್ದು. ನಕ್ಕ ಮೇಲೆ ತಪ್ಪು ಮಾಡಿದೆನೇನೋ ಎಂದು ಸುತ್ತ ನೋಡಿದೆ. ಯಾರೂ ನನ್ನನ್ನು ಗಮನಿಸಿರಲಿಲ್ಲ, ಎಲ್ಲರೂ ನಗುವುದರಲ್ಲಿದ್ದರು.

ಮರುವರ್ಷ ಓರಗಿತ್ತಿ ಹೊಸದೊಂದು ಶುರು ಮಾಡಿದಳು. ನನ್ನನ್ನು ತನ್ನ ಮಗ್ಗುಲಿಗೆ ನಿಲ್ಲಿಸಿಕೊಂಡು, ಒಂದು ಕೈಯಲ್ಲಿ ನನ್ನ ಸೆರಗಿನ ತುದಿ ಹಿಡಿದುಕೊಂಡಳು. ಹಿಂದಕ್ಕೆ ಒಂದು ಹೆಜ್ಜೆ. ಅವಳು ಹಿಂದೆ ತಿರುಗಿ ನೋಡುವಳು. "ಏನೂ ಇಲ್ಲ, ಇಡು." ಇನ್ನೊಂದು ಹೆಜ್ಜೆ. "ಇಡು." ಕಂತೆ ಹತ್ತಿರ ಬಂದರೆ ಕಾಲಿಗೆ ತಾಕುವ ಮೊದಲೇ "ಕಂತೆ!" ಎನ್ನುವಳು. ಒಂದು ಕೈಯಲ್ಲಿ ನೆಡಲು ಆಗುವುದಿಲ್ಲವಲ್ಲ, ಆ ದಿನ ಅವಳು ನೆಟ್ಟಿದ್ದು ಅಷ್ಟಕ್ಕಷ್ಟೇ. ಮಿಕ್ಕವರು ಅವಳ ಪಾಲಿನದನ್ನೂ ಎರಡೂ ಕಡೆಯಿಂದ ನುಂಗಿಕೊಂಡು ನೆಟ್ಟರು. ನಮ್ಮಲ್ಲಿ ಹಿಂದೆ ಬಿದ್ದವಳನ್ನು ಬಿಟ್ಟು ಹೋಗುವ ಹಾಗಿಲ್ಲ. ಬಿಟ್ಟರೆ ಸಾಲು ಸೊಟ್ಟಗಾಗುತ್ತದೆ.

ಕೆಲವು ದಿನ ಆದ ಮೇಲೆ ಗುಂಪಿನವರೆಲ್ಲ ತಂತಮ್ಮ ಕಂತೆಗೂ "ಕಂತೆ!" ಎಂದು ಕೂಗತೊಡಗಿದರು. ಅವರಿಗೆ ಬೇಕಿರಲಿಲ್ಲ. ನನಗೊಬ್ಬಳಿಗೇ ಕೂಗಿದರೆ ನನಗೆ ನಾಚಿಕೆಯಾಗುತ್ತದೆ ಎಂದಿರಬೇಕು. ಗದ್ದೆಯ ತುಂಬ ಕಂತೆ, ಕಂತೆ ಎಂದು, ಸಂತೆಯಲ್ಲಿ ಕೂಗಿ ಮಾರಿದ ಹಾಗೆ. ರಸ್ತೆಯಲ್ಲಿ ಹೋಗುವವರು ಸೈಕಲ್ಲು ನಿಲ್ಲಿಸಿ "ಏನಾಯ್ತು ನಿಮ್ಗೆ?" ಎಂದು ಕೇಳುತ್ತಿದ್ದರು. ಪಕ್ಕದ ಊರುಗಳಲ್ಲಿ ನಮಗೆ ಕಂತೆ ಗುಂಪು ಎಂದೇ ಹೆಸರಾಯಿತು.

ನಾನು ಸರಿಹೋದೆ ಎಂದು ಹೇಳುತ್ತಿಲ್ಲ. ಕಂತೆ ಎನ್ನುವ ಮಾತು ಮೊದಲು ಕಿವಿಗೆ ಬಿದ್ದರೆ, ಆಮೇಲೆ ಅದು ಕಾಲಿಗೆ ತಾಕಿದರೆ, ತಡೆದುಕೊಳ್ಳುತ್ತಿದ್ದೆ. ಕಿವಿಗೆ ಬೀಳದೆ ತಾಕಿದರೆ ಏನಾಗುತ್ತದೋ ಎಂಬ ಹೆದರಿಕೆ ಹಾಗೇ ಇತ್ತು. ಹಾಗೇ ಎರಡು ಸಾವಿರದ ಇಸವಿಯೂ ದಾಟಿತು.

ಒಂದು ದಿನ ನಾವು ನನ್ನ ಗದ್ದೆಯಲ್ಲೇ ನೆಡುತ್ತಿದ್ದೆವು. ಓರಗಿತ್ತಿ ಮತ್ತು ಬಾಯಿ ಜೋರಿನವಳು ಯಾರದೋ ಮದುವೆ ಊಟದ ಬಗ್ಗೆ ವಾದಕ್ಕೆ ಬಿದ್ದಿದ್ದರು. ಪಾಯಸಕ್ಕೆ ಬೆಲ್ಲ ಹಾಕಿದ್ದರೋ ಸಕ್ಕರೆಯೋ ಎನ್ನುವ ವಾದ. ಮಿಕ್ಕವರೂ ಸೇರಿಕೊಂಡರು. ಯಾರೂ ಕೂಗಲಿಲ್ಲ. ನನ್ನ ಹಿಮ್ಮಡಿಗೆ ಮೆತ್ತಗೆ, ತಣ್ಣಗೆ ತಾಕಿತು. ನಾನು ಒದ್ದೆ.

"ಯಾರೇ ಇದು ಕಂತೆನ ಇಲ್ಲಿ ಎಸ್ದಿರೋದು? ಕಣ್ಣು ಕಾಣಾಕಿಲ್ವ?"

ಬಾಯಿಂದ ಬಂದ ಮೇಲೆ ನನ್ನ ಕಿವಿಗೆ ಕೇಳಿಸಿತು. ಪಾಯಸದ ವಾದ ನಿಂತಿತು. ನನ್ನ ಗಂಡ ಸತ್ತ ದಿನ ಅಲ್ಲಿದ್ದವರೇ ಎಲ್ಲರೂ, ಆ ಮಾತು ಎಲ್ಲರೂ ಕೇಳಿದ್ದವರು. ಬಗ್ಗಿದವರು ಬಗ್ಗಿದ ಹಾಗೇ ಇದ್ದರು, ಯಾರ ಕೈಯೂ ಆಡಲಿಲ್ಲ. ನಾನೂ ತಿರುಗಲಿಲ್ಲ. ತಿರುಗಿದರೆ ಏನಿರುತ್ತದೋ ಎಂದು ಕಾಯುತ್ತಿದ್ದೆ. ನೀರು ಕಾಲ ಸುತ್ತ ಸಣ್ಣಗೆ ಅಲುಗುತ್ತಿತ್ತು.

"ನಾನೇ ಕನಮ್ಮಿ ಎಸ್ದದ್ದು," ಎಂದಳು ಓರಗಿತ್ತಿ. "ಏನೀಗ? ಎತ್ಕೊ."

ಕೈ ಹಿಂದೆ ಹಾಕಿ ಎತ್ತಿಕೊಂಡೆ. ಪೈರು. ಹಸಿರಾಗಿತ್ತು, ನೀರು ಸೋರುತ್ತಿತ್ತು. ಕಟ್ಟು ಬಿಚ್ಚಿ ನೆಟ್ಟೆ. ತೊಡೆ ಸಂಜೆಯ ತನಕ ನಡುಗುತ್ತಲೇ ಇತ್ತು. ನಡುಗುತ್ತಾ ನೆಟ್ಟರೂ ಪೈರು ನಿಲ್ಲುತ್ತದೆ, ಅದಕ್ಕೇನು ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿಗೆ ಬಾಯಿ ಜೋರಿನವಳು "ಬೆಲ್ಲಾನೇ" ಎಂದಳು, ವಾದ ಮತ್ತೆ ಶುರುವಾಯಿತು.

ಮನೆಗೆ ಹೋಗುವಾಗ ದಾರಿಯಲ್ಲಿ ನಾನು ಹುಣಸೆಮರದ ವಿಚಾರ ತೆಗೆದೆ.

"ಕೊಂಬೆ ನಮ್ ಕಡೆ ಅದೆ ಕನಕ್ಕ. ಈ ಸಲ ಅಣ್ಣು ನಂದು."

ಅವಳು ದಾರಿಯ ನಡುವೆ ನಿಂತುಬಿಟ್ಟಳು. ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ಬಂತಾ ಬಾಯಿ? ಬೇರು ಯಾರ್ ಕಡೆ ಅದೆ? ನೀರ್ ಉಯ್ದೋರು ಯಾರು?"

"ಉಣಸೆ ಮರಕ್ಕೆ ಯಾರಾದ್ರೂ ನೀರ್ ಉಯ್ದಾರಾ?"

"ನಿನ್ನ ನರಸೀಪುರ್ದಲ್ಲೇ ಬುಟ್ಟು ಬರ್ಬೇಕಿತ್ತು ನಾನು."

ಮನೆ ಬಾಗಿಲ ತನಕ ಜಗಳವಾಯಿತು. ಊರವರು ಹೊರಗೆ ಬಂದು ನೋಡಿದರು. ಅವಳು ತನ್ನ ಬಾಗಿಲು ಹಾಕಿಕೊಂಡಳು, ನಾನು ನನ್ನದು ಹಾಕಿಕೊಂಡೆ. ಒಲೆ ಹಚ್ಚಿ ಉಣ್ಣುವಷ್ಟು ಮುದ್ದೆ ಮಾಡಿಕೊಂಡು ಉಂಡೆ. ಯಾರೂ ಬಾಗಿಲ ಸಂದಿಯಿಂದ ನೋಡುತ್ತಿರಲಿಲ್ಲ.

ಬೆಳಿಗ್ಗೆ ಅವಳು ಹುಣಸೆಮರದ ಕೆಳಗೆ ನಿಂತು ಕೂಗಿದಳು. "ನಾಟಿಗೆ ಬತ್ತೀಯೇನಮ್ಮಿ, ಇಲ್ಲಾ ಮರ ಕಾಯ್ತಾ ಕುಂತಿರ್ತೀಯಾ?"

"ಬತ್ತೀನಿ ತಡಿ," ಎಂದು ಸೀರೆ ಎತ್ತಿಕಟ್ಟಿದೆ.